ಬಾವಿಗೆ ಎರಡನೆಯ ರಾಟೆ

ಸಾಗರ
ಭಾನುವಾರ, 14 ಜುಲೈ 2024
ರಾತ್ರಿ 11.40

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಎರಡು ಸಲ ಕರೆಂಟು ಹೋಗಿ ಬಂದಿದೆ. ಇಂಥ ದಿನವೂ ಲ್ಯಾಪ್‌ಟಾಪಿನ ಫ್ಯಾನು ಸದ್ದಿಲ್ಲದೆ ತಿರುಗುತ್ತಿದೆ. ಮೇ ತಿಂಗಳಿಡೀ ಅದು ಹಿಟ್ಟಿನ ಗಿರಣಿಯಂತೆ ಕೂಗಿದ್ದನ್ನು ಕೇಳಿದವರಿಗೆ ಮಾತ್ರ ಇದು ಬರೆದಿಡಬೇಕಾದ ಸುದ್ದಿ ಎನಿಸೀತು.

ತಮ್ಮ ಓದಲೆಂದು ಜರ್ಮನಿಗೆ ಹೋಗಿ ಹದಿನಾರು ವರ್ಷವಾಯಿತು. ಅಲ್ಲಿನ ಮೊದಲ ಚಳಿಗಾಲಗಳನ್ನು ಅವನು ಕಳೆದದ್ದು ಗಿಲ್ಡ್ ವಾರ್ಸ್ ಎಂಬ ಆನ್‌ಲೈನ್ ಆಟದಲ್ಲಂತೆ. ಈ ಏಪ್ರಿಲ್‌ನಲ್ಲಿ ಊರಿಗೆ ಬಂದವನು ನನಗೂ ಒಂದು ಖಾತೆ ಕೊಂಡುಕೊಟ್ಟು, "ಅಕ್ಕಾ, ಫೋನಿನಲ್ಲಿ ಊಟ ಆಯಿತೇ, ಮಳೆ ಬಂತೇ ಎಂದು ಕೇಳಿಕೊಳ್ಳುವುದು ಸಾಕು. ಭಾನುವಾರ ಒಂದು ಗಂಟೆ ಜೊತೆಗೆ ಆಡೋಣ" ಎಂದ. ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವ ನಲವತ್ತೇಳರ ಹೆಂಗಸು ಬಿಲ್ಲು ಹಿಡಿದು ಕಾಡಿನಲ್ಲಿ ಅಲೆಯುವುದು ಯಾರಿಗೂ ತಿಳಿಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿದೆ. ಷರತ್ತನ್ನು ಈಗ ನಾನೇ ಮುರಿಯುತ್ತಿದ್ದೇನೆ.

ಆಟ 2005ರದು. ಆ ಕಾಲದಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಲು ತಿಂಗಳಿಗೆ ಸುಮಾರು 15 ಡಾಲರ್ ಕಟ್ಟಬೇಕಿತ್ತು. ಇದಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆಯಿಲ್ಲ. ನನಗೆ ಆಟದ ಮೇಲೆ ಮೊದಲ ಗೌರವ ಹುಟ್ಟಿದ್ದು ಅಲ್ಲೇ. ಎರಡನೆಯದು, ಅದು ಕೇಳುತ್ತಿದ್ದ ಯಂತ್ರ: 800 ಮೆಗಾಹರ್ಟ್ಸ್‌ನ ಪೆಂಟಿಯಂ 3, 256 ಎಂಬಿ ರ‍್ಯಾಮ್, 32 ಎಂಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್. ಅಷ್ಟಿದ್ದರೆ ಆಟ ನಡೆಯುತ್ತಿತ್ತು. ನನ್ನದು 2017ರಲ್ಲಿ ಕೊಂಡ ಲ್ಯಾಪ್‌ಟಾಪ್. ಐ3-6006ಯು ಪ್ರೊಸೆಸರ್, ಅದರೊಳಗೇ ಕೂಡಿಕೊಂಡ ಎಚ್‌ಡಿ 520 ಗ್ರಾಫಿಕ್ಸ್, 4 ಜಿಬಿ ರ‍್ಯಾಮ್. ಬಡ ಯಂತ್ರವೇ ಹೌದು, ಆದರೆ ಪೆಂಟಿಯಂ 3ರ ಮುಂದೆ ಸಾಹುಕಾರ. ಹೀಗಿದ್ದೂ ಆಟದೊಳಗಿನ ಅಸ್ಕಲಾನ್ ನಗರದ ಚೌಕಕ್ಕೆ ಕಾಲಿಟ್ಟರೆ ಸೆಕೆಂಡಿಗೆ 14 ಫ್ರೇಮು, ಅಂದರೆ ಹದಿನಾಲ್ಕೇ ಚಿತ್ರ. ನನ್ನ ಬಿಲ್ಲುಗಾತಿ ನಡೆಯುತ್ತಿರಲಿಲ್ಲ, ಹಳೆಯ ಫೋಟೋ ಆಲ್ಬಮ್ಮಿನ ಪುಟಗಳಂತೆ ಮಗುಚುತ್ತಿದ್ದಳು.

ಇದು ನನ್ನನ್ನು ಕೆಣಕಿತು. ತಾಳೆಯಾಗದ ಲೆಕ್ಕವನ್ನು ಬಿಟ್ಟು ಮಲಗುವುದು ನನಗೆ ಬರುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪರದೆಯ ಅಳತೆಯನ್ನು 1024×576ಕ್ಕೆ ಇಳಿಸಿದೆ. ಅಕ್ಷರಗಳು ಓದಲಾಗದಂತೆ ಮಸುಕಾದವು. ಟೆಕ್ಸ್‌ಚರ್, ಅಂದರೆ ಮೇಲ್ಮೈಗಳ ವಿವರ ಇಳಿಸಿದೆ, ಆಟದ ಕಲ್ಲಿನ ಮಠ ಗಾರೆ ಮೆತ್ತಿದ ಗೋಡೆಯಾಯಿತು. ನೆರಳು ತೆಗೆದೆ. ಇಷ್ಟು ಕುರೂಪ ಮಾಡಿದ ಮೇಲೆ ಸಿಕ್ಕಿದ್ದು 21 ಫ್ರೇಮು, ಅದೂ ಮುಗ್ಗರಿಸುತ್ತಲೇ. ಪೇಟೆಯ ರಿಪೇರಿ ಅಂಗಡಿಯ ಹುಡುಗ ಲ್ಯಾಪ್‌ಟಾಪನ್ನು ತಿರುಗಿಸಿಯೂ ನೋಡದೆ, "ಮೇಡಂ, ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಲು ಬರುವುದಿಲ್ಲ. ಹೊಸದನ್ನೇ ತೆಗೆದುಕೊಳ್ಳಿ" ಎಂದ. ಮೊದಲರ್ಧ ನಿಜ.

ತಪ್ಪು ಇದ್ದದ್ದು ನನ್ನಲ್ಲೇ. ಆಯ್ಕೆಗಳ ಪುಟದಲ್ಲಿ ಅರ್ಥವಾದದ್ದನ್ನೆಲ್ಲ ಇಳಿಸಿದ್ದೆ. ಆಂಟಿ-ಏಲಿಯಾಸಿಂಗ್ ಎಂಬ ಅರ್ಥವಾಗದ ಹೆಸರನ್ನು ಮಾತ್ರ ಭಯಕ್ಕೆ ಮುಟ್ಟಿರಲಿಲ್ಲ. ತಮ್ಮ ವಿಮಾನ ಹತ್ತುವ ಹಿಂದಿನ ದಿನ ಪ್ರೀತಿಯಿಂದ ಎಲ್ಲವನ್ನೂ ತುತ್ತತುದಿಗೆ ಏರಿಸಿ ಹೋಗಿದ್ದ, ಅದು ಎಂಟು ಪಟ್ಟಿನಲ್ಲಿ ಕುಳಿತಿತ್ತು. ಗೆರೆಗಳ ಅಂಚಿನ ಮೆಟ್ಟಿಲುಗಳನ್ನು ನಯಗೊಳಿಸಲು ಪ್ರತಿ ಚುಕ್ಕೆಗೂ ಎಂಟು ಮಾದರಿ ಇಟ್ಟುಕೊಳ್ಳುವ ಏರ್ಪಾಡು ಅದು. ಹಾಳೆಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 1366×768 ಎಂದರೆ ಹತ್ತೂವರೆ ಲಕ್ಷ ಚುಕ್ಕೆ ಎಂದಿಟ್ಟುಕೊಳ್ಳೋಣ. ಒಂದೊಂದಕ್ಕೂ ಬಣ್ಣಕ್ಕೆ 4 ಬೈಟು, ಆಳಕ್ಕೆ 4 ಬೈಟು. ಸರಳವಾಗಿ ಬಿಡಿಸಿದರೆ ಎಂಟೂವರೆ ಎಂಬಿಯಷ್ಟೂ ಇಲ್ಲ. ಎಂಟು ಪಟ್ಟು ಮಾಡಿದರೆ 67 ಎಂಬಿ. 2005ರಲ್ಲಿ ಈ ಆಟ ಕೇಳಿದ್ದ ಇಡೀ ಕಾರ್ಡಿನ ಮೆಮೊರಿಯ ಎರಡರಷ್ಟು, ಬರೀ ಅಂಚು ನಯಗೊಳಿಸಲು!

ಆಮೇಲೆ ತಮ್ಮ ಹೇಳಿದ: ಆಟ ಹಳೆಯದಾದರೂ ಆ ಪುಟ ಅಷ್ಟು ಹಳೆಯದಲ್ಲ. 2018ರಲ್ಲಿ ಆಟ ತಯಾರಿಸಿದ ಅರೀನಾನೆಟ್ ಕಂಪನಿಯ ಇಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ಕುಳಿತು ಈ ಆಟದ ಚಿತ್ರವನ್ನು ಹೊಸ ಯಂತ್ರಗಳಿಗೆ ತಕ್ಕಂತೆ ಸುಧಾರಿಸಿದ್ದರು. ಎಂಟು ಪಟ್ಟಿನ ಆಯ್ಕೆ ಬಂದದ್ದು ಆಗ. ಹದಿಮೂರು ವರ್ಷದ ಆಟಕ್ಕೆ ಇಷ್ಟು ಅಕ್ಕರೆ ತೋರಿಸಿದವರನ್ನು ದೂರುವ ಮನಸ್ಸು ಬರಲಿಲ್ಲ. ಆ ಆಯ್ಕೆಯನ್ನು ಆಫ್ ಮಾಡಿದೆ, ನೀರಿನ ಪ್ರತಿಬಿಂಬವನ್ನು ಒಂದು ಹಂತ ಇಳಿಸಿದೆ, ಅಳತೆ, ಟೆಕ್ಸ್‌ಚರ್, ನೆರಳು ಎಲ್ಲವನ್ನೂ ಮೊದಲಿನಂತೆ ಏರಿಸಿದೆ. 29 ಫ್ರೇಮು. ಮಠದ ಕಲ್ಲು ಮತ್ತೆ ಕಲ್ಲಾಯಿತು.

ಮುಗ್ಗರಿಕೆ ಮಾತ್ರ ಹೋಗಿರಲಿಲ್ಲ. ಅದಕ್ಕೆ ಬೇರೆಯದೇ ಕಾರಣ. ಗಿಲ್ಡ್ ವಾರ್ಸ್ ಇಡೀ ಸರಕನ್ನು ಮೊದಲೇ ಇಳಿಸಿಕೊಳ್ಳುವುದಿಲ್ಲ. ಚಿಕ್ಕ ಕಡತವೊಂದರಿಂದ ಶುರುವಾಗಿ, ನಾವು ಕಾಲಿಟ್ಟ ಪ್ರದೇಶಕ್ಕೆ ಬೇಕಾದ್ದನ್ನು ಆಗಾಗಲೇ ತರಿಸಿಕೊಳ್ಳುತ್ತದೆ. ನಿಧಾನದ ಇಂಟರ್ನೆಟ್ಟಿನ ಕಾಲಕ್ಕೆ ಅದು ಬಹಳ ಜಾಣ ಉಪಾಯ. ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಬರೆಯುವುದು, ಓದುವುದು, ಆಡುವುದು ಮೂರೂ ಒಟ್ಟಿಗೆ ನಡೆದು ಉಸಿರು ಕಟ್ಟುತ್ತಿತ್ತು. ಶಾರ್ಟ್‌ಕಟ್ಟಿನ ಸಾಲಿನ ಕೊನೆಗೆ ಅಡ್ಡಗೆರೆ ಎಳೆದು 'ಇಮೇಜ್' ಎಂದು ಸೇರಿಸಿ ತೆರೆದರೆ ಉಳಿದದ್ದೆಲ್ಲವೂ ಒಮ್ಮೆಗೇ ಇಳಿಯುತ್ತದೆ. ಒಂದು ರಾತ್ರಿ ಬಿಟ್ಟು ಮಲಗಿದೆ.

ಇನ್ನು ರ‍್ಯಾಮ್. ಈ ಭಾಗವನ್ನು ಆ ಅಂಗಡಿಯ ಹುಡುಗನಿಗೂ ಓದಿಸಬೇಕೆಂದಿದೆ. ಬೇರೆಯಾಗಿ ಇರುವ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಎಚ್‌ಡಿ 520ಕ್ಕೆ ಇಲ್ಲ. ಪ್ರೊಸೆಸರ್ ಸೇದುವ ಬಾವಿಯಿಂದಲೇ, ಅಂದರೆ ರ‍್ಯಾಮಿನಿಂದಲೇ, ಅದೂ ಸೇದಬೇಕು. ನಮ್ಮ ಅಜ್ಜಿಯ ಮನೆಯ ಬಾವಿಗೆ ಎರಡು ರಾಟೆ ಇದ್ದವು. ಹಬ್ಬದ ದಿನ ಒಂದರ ಹಗ್ಗ ಕಿತ್ತುಹೋದರೆ ಅಡುಗೆಮನೆಗೂ ಬಚ್ಚಲಿಗೂ ಜಗಳವೇ. ಬಾವಿಯಲ್ಲಿ ನೀರಿಗೇನೂ ಕೊರತೆಯಿರುತ್ತಿರಲಿಲ್ಲ, ಮೇಲೆ ಬರುವ ಕೊಡಗಳು ಸಾಲುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಒಂದೇ ಡಿಡಿಆರ್4 2133 ಪಟ್ಟಿ. ಅದು ಸೆಕೆಂಡಿಗೆ ಹೆಚ್ಚೆಂದರೆ 17 ಜಿಬಿ ಸಾಗಿಸಬಲ್ಲದು. ಪಕ್ಕದ ಖಾನೆ ಏಳು ವರ್ಷದಿಂದ ಖಾಲಿ ಕುಳಿತಿತ್ತು. ಅದರಲ್ಲೂ ಅಂಥದೇ ಪಟ್ಟಿ ಕೂಡಿಸಿದರೆ ಎರಡು ದಾರಿ ಒಟ್ಟಿಗೆ ತೆರೆದುಕೊಂಡು ಲೆಕ್ಕಕ್ಕೆ 34 ಜಿಬಿ.

ಶಿವಮೊಗ್ಗದಲ್ಲಿ ಯಾರೋ ಬಳಸಿ ಬಿಟ್ಟ 4 ಜಿಬಿ ಪಟ್ಟಿ 900 ರೂಪಾಯಿಗೆ ಸಿಕ್ಕಿತು. ಕಳೆದ ಶನಿವಾರ ಹಿಂಬದಿಯ ತಿರುಪುಗಳನ್ನು ಬಿಚ್ಚಿ, ಅವು ಕಳೆಯದಂತೆ ಕುಂಕುಮದ ಭರಣಿಯ ಮುಚ್ಚಳದಲ್ಲಿ ಇಟ್ಟು, ಪಟ್ಟಿಯನ್ನು ಓರೆಯಾಗಿ ತೂರಿಸಿ ಒತ್ತಿದೆ. ಟಕ್ ಎಂದಿತು. ಅದೇ ಹೊತ್ತಿಗೆ ಫ್ಯಾನಿನ ಬಾಯಿಂದ ಕಂಬಳಿಯ ತುಂಡಿನಂಥ ಧೂಳು ತೆಗೆದೆ. ಅದರ ವರ್ಣನೆ ಬೇಡ. ಅದೇ ಚೌಕ, ಅದೇ ಮೂಲೆ, ಅದೇ ಆಯ್ಕೆಗಳು: 43 ಫ್ರೇಮು.

ಇಷ್ಟಾದ ಮೇಲೆ ನಾನೇ ಅದನ್ನು ಮೂವತ್ತಕ್ಕೆ ಕಟ್ಟಿಹಾಕಿದೆ. ತಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ಅಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಚೆಲ್ಲುತ್ತೀಯಾ?" ಎಂದ. ಈ ಪ್ರೊಸೆಸರ್‌ಗೆ ಹಂಚಿಕೊಟ್ಟ ಶಕ್ತಿ 15 ವಾಟ್, ಗ್ರಾಫಿಕ್ಸ್ ಕೂಡ ಅದರಲ್ಲೇ ಉಣ್ಣಬೇಕು. ಬಯಲಿನಲ್ಲಿ ಅದು 60ಕ್ಕೆ ಓಡುತ್ತದೆ, ಬಿಸಿಯಾಗುತ್ತದೆ, ಬಿಸಿಯಾಗಿ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಸರಿಯಾಗಿ ಶತ್ರು ಎದುರಾದ ಹೊತ್ತಿಗೆ 25ಕ್ಕೆ ಬೀಳುತ್ತದೆ. ಶಾರ್ಟ್‌ಕಟ್ಟಿಗೆ 'ಎಫ್‌ಪಿಎಸ್ 30' ಎಂದು ಸೇರಿಸಿದ ಮೇಲೆ ಏರಿಳಿತವಿಲ್ಲ. ಒಂದು ತಿಂಗಳು ಅರವತ್ತು ಸಾವಿರ, ಮರುತಿಂಗಳು ಹತ್ತು ಸಾವಿರ ಬರುವ ಮನೆಗಿಂತ ತಿಂಗಳಿಗೆ ಮೂವತ್ತು ಸಾವಿರ ತಪ್ಪದೆ ಬರುವ ಮನೆಯ ಯಜಮಾನಿ ಸುಖವಾಗಿರುತ್ತಾಳೆ ಎಂದೆ. ಅವನು ನಕ್ಕ, ಒಪ್ಪಲಿಲ್ಲ.

ಇವತ್ತಿನ ಆಟ. ನಮಗೆ ಒಂಬತ್ತೂವರೆ, ಅವನಿಗೆ ಸಂಜೆ ಆರು. ಇಬ್ಬರೂ ಯುರೋಪಿನ ಡಿಸ್ಟ್ರಿಕ್ಟ್, ಅಂದರೆ ಅಲ್ಲಿನ ಆಟಗಾರರು ಸೇರುವ ವಿಭಾಗ, ಆಯ್ದುಕೊಳ್ಳುತ್ತೇವೆ. ನನ್ನ ಪಿಂಗ್, ಅಂದರೆ ಸಂದೇಶ ಅಲ್ಲಿಗೆ ಹೋಗಿ ಮರಳುವ ಸಮಯ, 180 ಮಿಲಿಸೆಕೆಂಡಿನ ಆಸುಪಾಸು. ಅದನ್ನು ಯಾವ ರ‍್ಯಾಮ್ ಪಟ್ಟಿಯೂ ಕಡಿಮೆ ಮಾಡದು, ನಡುವೆ ಇರುವುದು ಸಮುದ್ರ. ಕಥೆಯ ಈ ಮೊದಲ ಭಾಗದಲ್ಲಿ ಒಂದು ತಂಡಕ್ಕೆ ಇಬ್ಬರೇ. ಅಕ್ಕ ತಮ್ಮನಿಗೆ ಅಳೆದು ಹೊಲಿದಂತಿದೆ.

ಲೇಕ್‌ಸೈಡ್ ಕೌಂಟಿಯಲ್ಲಿ ಗ್ವೆನ್ ಎಂಬ ಪುಟ್ಟ ಹುಡುಗಿ ಸಿಗುತ್ತಾಳೆ. ಅವಳ ಮುರಿದ ಕೊಳಲಿಗೆ ಬದಲಾಗಿ ಹೊಸದೊಂದನ್ನು ಕೊಂಡುಕೊಟ್ಟೆ. ಅವಳು ಹಿಂದೆಯೇ ಬರುತ್ತ ಅದನ್ನು ಊದುತ್ತಾಳೆ, ನಮ್ಮ ಗಾಯ ಮಾಯುತ್ತದೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ರೂಟರಿಗೆ ಚಿಕ್ಕ ಯುಪಿಎಸ್ ಇರುವುದರಿಂದ ಸಂಪರ್ಕ ಉಳಿಯಿತು, ಬ್ಯಾಟರಿಗೆ ಇಳಿದ ಲ್ಯಾಪ್‌ಟಾಪ್ ಶಕ್ತಿ ಉಳಿಸಲು ಹೊರಟು 24 ಫ್ರೇಮಿಗೆ ಬಂತು. ಕತ್ತಲ ಕೋಣೆ, ಹಂಚಿನ ಮೇಲೆ ಮಳೆ, ಕೊಳಲು. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಆಮೇಲೆ ತಮ್ಮ, "ಅಕ್ಕಾ, ಇನ್ನು ಅಕಾಡೆಮಿಗೆ ಹೋಗೋಣವೇ? ನಿಜವಾದ ಕಥೆ ಶುರುವಾಗುವುದು ಅಲ್ಲಿಂದಲೇ" ಎಂದ. ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ಅವನೇ ಹಿಂದೊಮ್ಮೆ ಬಾಯಿಬಿಟ್ಟಿದ್ದ. ಆಕಾಶದಿಂದ ಬೆಂಕಿ ಸುರಿದು ಈ ಹಸಿರೆಲ್ಲ ಬೂದಿಯಾಗುತ್ತದೆ, ಒಮ್ಮೆ ದಾಟಿದ ಪಾತ್ರ ಇತ್ತ ಮರಳುವಂತಿಲ್ಲ. ದಾಟದೆ ಇಲ್ಲೇ ಉಳಿದು, ದುರ್ಬಲ ಶತ್ರುಗಳಿಂದ ಚೂರುಚೂರೇ ಅನುಭವ ಕೂಡಿಸಿ ಇಪ್ಪತ್ತನೆಯ ಹಂತ ಮುಟ್ಟುವವರೂ ಇದ್ದಾರೆ. ಅವರಿಗೆಂದೇ ಆಟದಲ್ಲಿ ಒಂದು ಬಿರುದಿದೆ. ನಾನು ಇನ್ನೂ ಏಳನೆಯ ಹಂತದಲ್ಲಿದ್ದೇನೆ.

"ಈಗಲೇ ಬೇಡ" ಎಂದೆ. ಮುಂದಿನ ಭಾನುವಾರ ಆ್ಯಶ್‌ಫರ್ಡ್ ಮಠದ ಬಳಿಯ ನೆಲಮಾಳಿಗೆಗೆ ಇಳಿಯುವುದೆಂದು ಆಗಿದೆ. ಅಲ್ಲಿ ಕತ್ತಲೆ ಹೆಚ್ಚು; ನೆರಳಿನ ಆಯ್ಕೆಯನ್ನು ಒಂದು ಹಂತ ಇಳಿಸಿ ನೋಡಬೇಕು.