ಹುವಕಾಯಾ ಹಂಜಿಯ ಗಂಟು: ತಪ್ಪು ಕಾರ್ಡರ್‌ನದಲ್ಲ

ಹುವಕಾಯಾ ಅಂದರೆ ಉಬ್ಬಿದ ಮೆತ್ತನೆ ಉಣ್ಣೆಯ ಆಲ್ಪಕಾ ತಳಿ; ಆಲ್ಪಕಾ ದಕ್ಷಿಣ ಅಮೆರಿಕದ, ಲಾಮಾ ಜಾತಿಯ ಪ್ರಾಣಿ. ಅದರ ಉಣ್ಣೆಯನ್ನು ಕಾರ್ಡರ್‌ನಲ್ಲಿ, ಅಂದರೆ ಹಲ್ಲಿನ ಡ್ರಮ್ಮಿರುವ ಹಿಂಜುವ ಯಂತ್ರದಲ್ಲಿ, ಹಿಂಜಿ ಗಂಟಿಲ್ಲದ ಹಂಜಿ (ನೂಲಲು ಸಿದ್ಧವಾದ ಉಣ್ಣೆಯ ಹಾಳೆ) ಕೊನೆಗೂ ಬಂತು. ತೊಳೆಯುವುದು, ಒಣಗಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ಒಂದೇ ಮಾತು: ಆಲ್ಪಕಾ ಉಣ್ಣೆಯಲ್ಲಿ ಕುರಿಯುಣ್ಣೆಯ ಜಿಡ್ಡಿಲ್ಲ, ಇರುವುದು ಬರೀ ಮಣ್ಣು. ಸೋಪು ಸುರಿದರೆ ಜಾಲಿಸಿ ಜಾಲಿಸಿ ಉಣ್ಣೆ ಹೆಪ್ಪುಗಟ್ಟುತ್ತದೆ, ಅಷ್ಟೆ.

ಮೊದಲು ಡ್ರಮ್ಮಿನಿಂದ ಎತ್ತಿದ ಹಾಳೆಯ ತುಂಬ ಸಾಸಿವೆ ಕಾಳಿನಷ್ಟು ಗಂಟು. ಡ್ರಮ್ಮಿಗೆ ಸುತ್ತಿದ, ಚದರ ಇಂಚಿಗೆ 72 ತಂತಿ ಹಲ್ಲಿನ ಬಟ್ಟೆ ತೆಗೆದು 120ರದ್ದು ಹಾಕಿದರೆ ಗಂಟು ಸಣ್ಣದಾಯಿತೇ ಹೊರತು ಕಡಿಮೆಯಾಗಲಿಲ್ಲ. ಲಾಭ ಆಗಿದ್ದು ಬಟ್ಟೆ ಮಾರಿದವನಿಗೆ.

ಒಂದು ಗಂಟನ್ನು ಕಪ್ಪು ಕಾಗದದ ಮೇಲಿಟ್ಟು ಸೂಜಿಯಿಂದ ಬಿಡಿಸಿದಾಗ ಗುಟ್ಟು ರಟ್ಟಾಯಿತು. ನಡುವೆ ಸೆಂಟಿಮೀಟರೂ ಇಲ್ಲದ ಎಳೆಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದ. ಉಣ್ಣೆಯೇ ದುರ್ಬಲವಾಗಿದ್ದರೆ ಎಳೆ ಅಡ್ಡಾದಿಡ್ಡಿ ತುಂಡಾಗಬೇಕಿತ್ತು. ಗೊಂಚಲಿನ ಎರಡೂ ತುದಿ ಹಿಡಿದು ಕಿವಿ ಹತ್ತಿರ ಜಗ್ಗಿದರೆ ಚಟಚಟ ಅನ್ನಲಿಲ್ಲ, ತಂತಿ ಮೀಟಿದ ಹಾಗೆ ಟಣ್ ಅಂದಿತು. ಹಾಗಾದರೆ ಉಳಿದದ್ದು ಒಂದೇ: ಪ್ರಾಣಿಯ ಮೈಯಿಂದ ಉಣ್ಣೆ ಕತ್ತರಿಸುವಾಗ ಮಷೀನು ಅದೇ ಜಾಗದಲ್ಲಿ ಎರಡನೇ ಸಲ ಓಡಿದೆ.

ಮೈ ನುಣ್ಣಗೆ ಕಾಣಲಿ ಅಂತ ಉಳಿದ ಸಾಲುಗಳನ್ನು ಮತ್ತೆ ಹೊಡೆಯುತ್ತಾರಲ್ಲ, ಆ ಚೂರು ಬೆನ್ನಿನ ಒಳ್ಳೆ ಉಣ್ಣೆಗೇ ಬೀಳುತ್ತದೆ. ಸಾಲು ಉಳಿದರೆ ಉಳಿಯಲಿ, ಮುಂದಿನ ವರ್ಷ ಸರಿಹೋಗುತ್ತದೆ. ಸವರಲೇಬೇಕೆಂದರೆ ಮೊದಲು ಬೆನ್ನಿನದನ್ನು ಎತ್ತಿಡಬೇಕು.

ಕೈಯಲ್ಲಿರುವ ಉಣ್ಣೆಗೆ ಮದ್ದು: ತೊಳೆಯುವ ಮೊದಲೇ ಕತ್ತರಿಸಿದ ಮಗ್ಗುಲು ಕೆಳಗಾಗಿ ತಂತಿ ಬಲೆಯ ಮೇಲೆ ಹರಡಿ ಕೋಲಿನಿಂದ ತಟ್ಟಿ. ಧೂಳಿನ ಜೊತೆ ಚೂರೂ ಉದುರುತ್ತದೆ. ಉಳಿದದ್ದಕ್ಕೆ ಗೊಂಚಲು ಗೊಂಚಲಾಗಿ ಬುಡಕ್ಕೆ ಬ್ರಷ್. ಒದ್ದೆಯಾದ ಮೇಲೆ ಈ ಕೆಲಸ ಆಗದು, ಚೂರು ಅಂಟಿಕೊಂಡುಬಿಡುತ್ತದೆ. ಹಿಂಜುವ ಹಿಂದಿನ ರಾತ್ರಿ 100 ಗ್ರಾಂ ಉಣ್ಣೆಗೆ ಸುಮಾರು 10 ಮಿ.ಲೀ. ನೀರು ಚಿಮುಕಿಸಿ ಚೀಲ ಕಟ್ಟಿಟ್ಟರೆ ಎಳೆ ಹಾರಾಡುವುದೂ ನಿಂತಿತು. 72ರ ಹಲ್ಲೇ ಸಾಕು. ಕಾರ್ಡರ್‌ಗೆ ಉಣ್ಣೆ ಉಣಿಸುವ ತಟ್ಟೆಯ ಮೇಲೆ ಹರಡಿದ ಉಣ್ಣೆಯೊಳಗಿಂದ ತಟ್ಟೆಯ ಮರ ಕಾಣಬೇಕು, ಅಷ್ಟು ತೆಳ್ಳಗೆ ಉಣಿಸಿ.

ಚೀಲದ ಮೇಲೆ ‘ಬೆನ್ನಿನದು’ ಅಂತ ಬರೆದು ಒಳಗೆ ಕಾಲಿನ ಒರಟು ಕೂದಲು ತುಂಬುವ ಮಾರಾಟಗಾರರಿಗೆ ಮಾತ್ರ ಯಾವ ಬಲೆಯೂ ಇಲ್ಲ. 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 30 ಭಾಗ) ದಪ್ಪ ದಾಟಿದ ಕೂದಲು ಹೆಚ್ಚಾದರೆ ಕುತ್ತಿಗೆಗೆ ಚುಚ್ಚುತ್ತದೆ, ಕೈಯಲ್ಲೇ ಆರಿಸಬೇಕು.

ಮುಂದೆ ಎರಡೆಳೆ ನೂಲು, 20% ಮೆರಿನೋ ಕುರಿಯುಣ್ಣೆ ಬೆರೆಸಿ. ಬರೀ ಆಲ್ಪಕಾ ಹೆಣೆದರೆ ಸ್ವೆಟರ್ ಮೊಣಕಾಲಿಗೆ ಇಳಿಯುತ್ತದೆ. ಅಷ್ಟರಲ್ಲಿ ಆಲ್ಪಕಾದ ಇನ್ನೊಂದು ತಳಿಯಾದ ಸೂರಿಯ ಉಣ್ಣೆ ಒಂದು ಚೀಲವೂ ಬಂದಿದೆ. ಅದರ ಎಳೆಯಲ್ಲಿ ಹುವಕಾಯಾದ ಹಾಗೆ ಸಣ್ಣ ಅಲೆಯಂಥ ಸುಕ್ಕಿಲ್ಲ, ರೇಷ್ಮೆಯ ಹಾಗೆ ಜಾರುತ್ತದೆ, ಡ್ರಮ್ಮಿಗೆ ಸುತ್ತಿಕೊಂಡರೆ ಬಿಡಿಸುವುದೇ ಕಷ್ಟ. ಹಾಗಾಗಿ ಕಾರ್ಡರ್ ಬಿಟ್ಟು ಬಾಚಣಿಗೆಯಲ್ಲೇ, ಕತ್ತರಿಸಿದ ತುದಿ ಹಲ್ಲಿಗೆ ಸಿಕ್ಕಿಸಿ ಶುರು ಮಾಡುವುದು.