ಯಾರೂ ಕುಡಿಯದ ಐಸು

ಕಳೆದ ವಾರ ನಮ್ಮ ಮನೆಯ ಐಸ್ ಮೇಕರ್ ಮೂರನೇ ಸಲ ಕೆಟ್ಟಿತು. ಫ್ರಿಜ್ ಒಳಗೆ ಇರುತ್ತಲ್ಲ, ಅದಲ್ಲ. ಅಡುಗೆ ಕಟ್ಟೆಯ ಕೆಳಗೆ, ಡಿಶ್‌ವಾಷರ್ ಪಕ್ಕ, 15 ಇಂಚು ಅಗಲದ ಜಾಗದಲ್ಲಿ ಕೂತು ಐಸ್ ಮಾಡುವುದು ಬಿಟ್ಟು ಇನ್ನೇನೂ ಮಾಡದ ಒಂದು ಪೆಟ್ಟಿಗೆ. ಅಮೆರಿಕದ ಫೀನಿಕ್ಸ್‌ಗೆ ಬಂದು ಈ ಮನೆ ಕೊಂಡಾಗ ಮನೆ ಜೊತೆಗೇ ಬಂದಿದ್ದು. ಹಿಂದಿನವರು ತುಂಬಾ ಪಾರ್ಟಿ ಮಾಡುತ್ತಿದ್ದರಂತೆ. ನಮ್ಮ ಪಾರ್ಟಿ ವರ್ಷಕ್ಕೆ ಎರಡು, ಗಣೇಶನ ಹಬ್ಬಕ್ಕೊಂದು, ಮಗಳ ಹುಟ್ಟುಹಬ್ಬಕ್ಕೊಂದು. ಎರಡರಲ್ಲೂ ಬಂದವರಲ್ಲಿ ಅರ್ಧ ಜನ "ಐಸ್ ಬೇಡಪ್ಪ, ಗಂಟಲು ಕಟ್ಟುತ್ತೆ" ಅನ್ನುವವರೇ.

ರಿಪೇರಿಯವರು ಬಂದರು. ಬಂದು ನೋಡಿದ್ದಕ್ಕೇ 129 ಡಾಲರ್. ಮೊದಲ ಸಲ ನೀರು ಹೊರಗೆ ತಳ್ಳುವ ಪಂಪ್ ಹೋಗಿತ್ತು, ಎರಡನೇ ಸಲ ನೀರು ಒಳಗೆ ಬಿಡುವ ವಾಲ್ವ್. ಈ ಸಲ ತಂಪು ಮಾಡುವ ಗ್ಯಾಸ್ ಲೀಕ್. ಸರಿ ಮಾಡಲು 1150 ಡಾಲರ್ ಆಗುತ್ತೆ, ಮಾಡಿಸಿದರೂ ಎಷ್ಟು ದಿನ ಬರುತ್ತೋ ಹೇಳಲಾರೆ, ಹೊಸದನ್ನೇ ಹಾಕಿಸಿಕೊಳ್ಳಿ ಅಂದರು. ಹೊಸದು ಅಂದರೆ ಏನು ಸುಮ್ನೆ ಮಾತಾ? ಗಾಜಿನ ಹಾಗೆ ತಿಳಿಯಾದ ಐಸ್ ಕೊಡುವ ಒಳ್ಳೆ ಮಷಿನ್‌ಗೆ 2000ದಿಂದ 4000 ಡಾಲರ್ ಕೇಳುತ್ತಾರೆ, ಅದಕ್ಕಿಂತ ಜಾಸ್ತಿಯದೂ ಇದೆ. ಕೂರಿಸುವ ಕೂಲಿ ಬೇರೆ, ಫಿಲ್ಟರ್ ಬೇರೆ. ಇಷ್ಟು ಕೊಟ್ಟ ಮೇಲೂ ಎಷ್ಟೋ ಮಷಿನ್‌ಗಳಿಗೆ ಪೂರ್ತಿ ವಾರಂಟಿ ಅಂತ ಇರುವುದು ಒಂದೇ ವರ್ಷ!

ಇಷ್ಟು ದುಡ್ಡಿನ ವಸ್ತು ಯಾಕೆ ಹೀಗೆ ಪದೇ ಪದೇ ಕೆಡುತ್ತೆ ಅಂತ ಕೇಳಿದೆ. ಅವರು ಮುಂದಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ಓರೆಯಾಗಿ ಒಂದು ತಣ್ಣನೆಯ ತಟ್ಟೆ, ಅದರ ಮೇಲೆ ನೀರು ಹರಿಯುತ್ತಲೇ ಇರಬೇಕು. ನೀರು ಮಾತ್ರ ತಟ್ಟೆಗೆ ಹೆಪ್ಪುಗಟ್ಟುತ್ತೆ, ಸುಣ್ಣ ಉಪ್ಪು ಎಲ್ಲಾ ಹರಿಯುವ ನೀರಲ್ಲೇ ಉಳಿದುಬಿಡುತ್ತೆ, ಅದಕ್ಕೇ ಐಸ್ ಅಷ್ಟು ತಿಳಿ. ಹಾಳೆ ದಪ್ಪ ಆದ ಮೇಲೆ ತಟ್ಟೆ ಸ್ವಲ್ಪ ಬೆಚ್ಚಗಾಗಿ, ಹಾಳೆ ಜಾರಿ, ಬಿಸಿ ತಂತಿಗಳ ಜಾಲರಿ ಮೇಲೆ ಬಿದ್ದು, ಸೋಪಿನ ಬಾರನ್ನು ತಂತಿಯಲ್ಲಿ ಕುಯ್ದ ಹಾಗೆ ಚೌಕ ಚೌಕವಾಗಿ ತುಂಡಾಗುತ್ತೆ. ಪಂಪ್, ವಾಲ್ವ್, ತಂತಿ, ಸೆನ್ಸರ್, ಬೋರ್ಡ್, ಎಲ್ಲಾ ಆ ತೇವದಲ್ಲೇ ಹಗಲು ರಾತ್ರಿ ದುಡಿಯಬೇಕು. ಇಲ್ಲಿಯ ನೀರು ಬೇರೆ ಗಡಸು, ಕೆಟಲ್ ತಳದಲ್ಲಿ ವಾರಕ್ಕೆಲ್ಲ ಬಿಳಿ ಪೊರೆ ಕಟ್ಟುತ್ತೆ. ಕೆಲವು ತಿಂಗಳಿಗೊಮ್ಮೆ ಔಷಧಿ ಹಾಕಿ ಆ ಪೊರೆ ತೆಗೆಯಬೇಕಂತೆ. ನಾವು ತೆಗೆದಿದ್ದು ವರ್ಷಕ್ಕೊಂದು ಸಲ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವರು ಹೇಳಿದ ಇನ್ನೊಂದು ವಿಷಯ ಕೇಳಿ ನಾನು ದಂಗಾದೆ. ಐಸ್ ಬೀಳುವ ಡಬ್ಬ ಇದೆಯಲ್ಲ, ಅದನ್ನು ತಂಪು ಮಾಡುವ ವ್ಯವಸ್ಥೆಯೇ ಇಲ್ಲ. ಥರ್ಮಾಕೋಲ್ ಪೆಟ್ಟಿಗೆ ಥರ ಗೋಡೆ ದಪ್ಪ, ಅಷ್ಟೇ. ಒಳಗಿನ ಐಸ್ ನಿಧಾನವಾಗಿ ಕರಗುತ್ತಲೇ ಇರುತ್ತೆ, ನೀರು ಚರಂಡಿಗೆ ಹೋಗುತ್ತೆ, ಎಷ್ಟು ಕಡಿಮೆ ಆಯಿತೋ ಅಷ್ಟನ್ನು ಮಷಿನ್ ಮತ್ತೆ ಮಾಡುತ್ತೆ. ನಾವು ಎರಡು ತಿಂಗಳು ಊರಿಗೆ ಹೋಗಿದ್ದಾಗಲೂ ಮಾಡಿದೆ, ಕರಗಿಸಿದೆ, ಮಾಡಿದೆ. ಇದು ಮರುಭೂಮಿ ಕಣ್ರೀ. ಈ ಊರಿನ ನೀರಿನಲ್ಲಿ ಒಂದು ಪಾಲು ಕೊಲರಾಡೊ ನದಿಯಿಂದ, ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಬರುವಂಥದ್ದು.

ಮಗಳು ಸ್ಟೂಲ್ ಮೇಲೆ ಕೂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು. ಎಂಟು ವರ್ಷ ಅವಳಿಗೆ. ರಿಪೇರಿಯವರ ವ್ಯಾನ್ ತಿರುವು ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ಅಮ್ಮಾ, ಇದು ಅಜ್ಜಿ ಮನೆ ಶೋಕೇಸ್ ಥರ ಅಲ್ವಾ?"

"ಅಂದ್ರೆ?"

"ಗೆಸ್ಟ್ ಬಂದಾಗ ಮಾತ್ರ ಯೂಸ್ ಮಾಡೋದು. ಗೆಸ್ಟ್ ಬಂದ್ರೂ ಮಾಡಲ್ಲ."

ನಗು ಬಂತು. ಆಮೇಲೆ ಪಾತ್ರೆ ಜೋಡಿಸುವಾಗ ಅದೇ ಮಾತು ತಲೆಯಲ್ಲಿ ಸುತ್ತತೊಡಗಿತು.

ಅಮ್ಮನ ಶೋಕೇಸ್ ನಿಮಗೂ ಗೊತ್ತಿರುತ್ತೆ, ನಿಮ್ಮ ಮನೆಯಲ್ಲೂ ಇತ್ತಲ್ವಾ. ಗಾಜಿನ ಬಾಗಿಲು, ಒಳಗೆ ಗಂಧದ ಆನೆ, ಯಾರೋ ಕೊಟ್ಟ ಪ್ಲಾಸ್ಟಿಕ್ ತಾಜ್‌ಮಹಲ್, ಮೇಲಿನ ಹಲಗೆಯಲ್ಲಿ ಚಿನ್ನದ ಗೆರೆಯ ಆರು ಕಪ್-ಸಾಸರ್. ಆಯುಧಪೂಜೆಗೆ ಒಮ್ಮೆ ಕೆಳಗಿಳಿಸಿ, ತೊಳೆದು, ಒರೆಸಿ, ಮತ್ತೆ ಮೇಲೆ. ಕಾಫಿ ಮಾತ್ರ ಸ್ಟೀಲ್ ಲೋಟದಲ್ಲೇ. ಕಾಲೇಜಿಗೆ ಹೋಗುವಾಗ ನನಗೆ ಅದನ್ನು ಕಂಡರೆ ಸಿಟ್ಟು. ಉಪಯೋಗಿಸದ ಮೇಲೆ ಯಾಕೆ ಇಟ್ಟುಕೊಳ್ಳಬೇಕು ಅಂತ ಅಮ್ಮನ ಜೊತೆ ಜಗಳ ಆಡಿದ್ದೇನೆ, ನಮ್ಮ ಜನಕ್ಕೆ ಬರೀ ತೋರಿಕೆ ಅಂತ ಭಾಷಣ ಬೇರೆ. ಅದೇ ನಾನು ಐದು ವರ್ಷದಿಂದ ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮ, ಅತ್ತಿಗೆ ಯಾರೇ ಸಿಗಲಿ, ಫೋನ್ ಬಗ್ಗಿಸಿ ಆ ಬಾಗಿಲು ತೆಗೆದು ಐಸ್ ತೋರಿಸುತ್ತಿದ್ದೆ. ಕುಡಿಯುವುದು ಮಾತ್ರ ಬಿಸಿನೀರು.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಫ್ರಿಜ್ ಇದ್ದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ಒಂದು ರಾತ್ರಿ ತಮ್ಮನಿಗೆ ಜ್ವರ ಏರಿತು. ಹಣೆ ಮೇಲೆ ಇಡಲು ಐಸ್ ತಗೊಂಡು ಬಾ ಅಂತ ಅಮ್ಮ ಸ್ಟೀಲ್ ಡಬ್ಬಿ ಕೊಟ್ಟು ನನ್ನನ್ನು ಓಡಿಸಿದಳು. ಮೇಷ್ಟ್ರ ಹೆಂಡತಿ ನಿದ್ದೆಗಣ್ಣಲ್ಲೇ ಅಲ್ಯೂಮಿನಿಯಂ ಟ್ರೇ ಹೊರಗೆಳೆದರು. ಅಂಟಿಕೊಂಡಿತ್ತು, ಮೇಲೆ ನೀರು ಹುಯ್ದು ಹಿಡಿಕೆ ಎಳೆದರು, ಚಟಚಟ ಅಂತ ಬಿಟ್ಟಿತು. ಟ್ರೇಯಲ್ಲಿದ್ದದ್ದನ್ನೆಲ್ಲ ಡಬ್ಬಿಗೆ ಹಾಕಿ, ನನ್ನೆದುರಿಗೇ ಮತ್ತೆ ನೀರು ತುಂಬಿ ಒಳಗಿಟ್ಟು, "ಬೆಳಗಿನ ಜಾವ ಬೇಕಾದರೆ ಮತ್ತೆ ಬಾ" ಅಂದರು. 1833ರಲ್ಲಿ ಈ ದೇಶದವರು ಬಾಸ್ಟನ್‌ನಿಂದ 180 ಟನ್ ಐಸನ್ನು ಹಡಗಿಗೆ ತುಂಬಿ ಕಲ್ಕತ್ತಾಗೆ ಕಳಿಸಿದ್ದರು. ನಾಲ್ಕು ತಿಂಗಳ ಪ್ರಯಾಣ, ಕೊನೆಗೆ ಸುಮಾರು 100 ಟನ್ ಉಳಿದಿತ್ತು. ನಾನು ಆವತ್ತು ಒಂದು ಬೀದಿ ದಾಟುವಷ್ಟರಲ್ಲಿ ಎರಡು ತುಂಡು ಕಡಿಮೆ ಮಾಡಿದ್ದೆ. ಒಂದು ಬಾಯಲ್ಲಿತ್ತು. ಇನ್ನೊಂದು ಏನಾಯಿತು ಅಂತ ಈಗಲೂ ಹೇಳಲ್ಲ.

ಇಲ್ಲಿ ಆರು ಮನೆಯ ಸಾಲಿನಲ್ಲಿ ಎಲ್ಲರಿಗೂ ಫ್ರಿಜ್ಜೇ ಐಸ್ ಮಾಡಿಕೊಡುತ್ತೆ. ಐದು ವರ್ಷದಲ್ಲಿ ಯಾರೂ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಿಲ್ಲ.

ರಿಪೇರಿ ಬೇಡ ಅಂದುಬಿಟ್ಟೆವು, ಹೊಸದೂ ಬೇಡ. ತೆಗೆದು ಬಿಸಾಕೋಣ ಅಂದರೆ ಕಟ್ಟೆ ಕೆಳಗೆ 15 ಇಂಚಿನ ಬಾಯಿ ತೆರೆದುಕೊಳ್ಳುತ್ತೆ, ಅದನ್ನು ಮುಚ್ಚಿಸಲು ಬಡಗಿ, ಬಡಗಿಗೆ ಇನ್ನೊಂದು ರೇಟು. ಹಾಗಾಗಿ ನೀರಿನ ಪೈಪು ಬಂದ್ ಮಾಡಿ, ಒಳಗೆಲ್ಲಾ ಒರೆಸಿ ಒಣಗಿಸಿ, ಹುಣಸೆಹಣ್ಣು ಬೆಲ್ಲದ ಡಬ್ಬ ಇಟ್ಟಿದ್ದೇನೆ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಮೊಮ್ಮಗಳು ಹೇಳಿದ್ದನ್ನು ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ನನ್ನ ಕಪ್-ಸಾಸರ್ ತಗೊಂಡು ಮೂವತ್ತು ವರ್ಷ ಆಯಿತು ಕಣೇ. ಒಂದು ದಿನ ರಿಪೇರಿ ಕೇಳಿದೆಯಾ ಅದು?"

ನಾನು ಸುಮ್ಮನಾದೆ.

"ನಿಂದಕ್ಕೆ ಎಷ್ಟು ಕೇಳಿದರು?"

ಅರ್ಧ ಹೇಳಿದೆ. ಅಮ್ಮ ಅದನ್ನು ಬಾಯಲ್ಲೇ ರೂಪಾಯಿಗೆ ಲೆಕ್ಕ ಹಾಕಿ, ಏನೂ ಮಾತಾಡದೆ ಫೋನನ್ನು ಅಪ್ಪನ ಕೈಗೆ ಕೊಟ್ಟಳು.