ಮ್ಯಾಪ್ ಸ್ಪರ್ಧೆಯಲ್ಲಿ ಮಾಡ್ ಬಳಸಲು ಬಿಡಬೇಕಾ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಮೈನ್‌ಕ್ರಾಫ್ಟ್ ಮ್ಯಾಪ್ ಸ್ಪರ್ಧೆ (ಬ್ಲಾಕ್ ಜೋಡಿಸುವ ಈ ಕಂಪ್ಯೂಟರ್ ಆಟದಲ್ಲಿ ಕೋಟೆ, ಊರು ಕಟ್ಟಿ ಕಳಿಸುವ ಸ್ಪರ್ಧೆ) ನಡೆಸಲು ಹೊರಟವರು ಮೊದಲು ಕೇಳುವುದು ಇದನ್ನೇ: ಮಾಡ್, ಅಂದರೆ ಬೇರೆಯವರು ಬರೆದು ಆಟಕ್ಕೆ ಸೇರಿಸುವ ಪ್ರೋಗ್ರಾಂ, ಬಳಸಲು ಬಿಡಬೇಕಾ, ಬೇಡವಾ?

ನನ್ನ ಉತ್ತರ: ಕಟ್ಟುವಾಗ ಬಿಡಿ, ಸಲ್ಲಿಸುವ ಮ್ಯಾಪಿನಲ್ಲಿ ಬೇಡ. ಒಮ್ಮೆಗೇ ನೂರಾರು ಬ್ಲಾಕ್ ಇಡುವ ವರ್ಲ್ಡ್‌ಎಡಿಟ್, ಕಟ್ಟಡದ ನಕ್ಷೆ ತೋರಿಸುವ ಲೈಟ್‌ಮ್ಯಾಟಿಕಾ ಮಾಡ್‌ಗಳು ಬರೀ ಸಲಕರಣೆಗಳು. ಅವುಗಳಿಂದ ಗೋಡೆ ಎಬ್ಬಿಸಿದರೂ ಕೊನೆಗೆ ಉಳಿಯುವುದು ಆಟದ ಸ್ವಂತ ಬ್ಲಾಕ್‌ಗಳೇ. ಹೊಸ ಬ್ಲಾಕ್ ಸೇರಿಸುವ ಮಾಡ್‌ಗಳ ಕಥೆ ಬೇರೆ. ಆ ಮಾಡ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಲ್ಡ್ (ಕಟ್ಟಿದ ಮ್ಯಾಪು ಸೇವ್ ಆಗಿರುವ ಫೋಲ್ಡರ್) ತೆರೆದರೆ ಅಂಥ ಬ್ಲಾಕ್ ಇದ್ದ ಜಾಗವೆಲ್ಲ ಖಾಲಿ. ಹಾಗೇ ಸೇವ್ ಆಯಿತೆಂದರೆ ಆಮೇಲೆ ಮಾಡ್ ಹಾಕಿದರೂ ಅವು ತಿರುಗಿ ಬರುವುದಿಲ್ಲ. ಅದಕ್ಕೇ ತೀರ್ಪುಗಾರರು ಮೂಲ ಜಿಪ್ ಬದಿಗಿಟ್ಟು, ಯಾವಾಗಲೂ ಪ್ರತಿಯನ್ನೇ ತೆರೆಯಬೇಕು.

"ಹಾಗಾದರೆ ಮಾಡ್‌ಗಳನ್ನೂ ಜೊತೆಗೇ ಕಳಿಸಲಿ" ಅನ್ನುತ್ತಾರೆ. ಆದರೆ ಮಾಡ್ ಓಡಿಸುವ ವ್ಯವಸ್ಥೆ ಒಬ್ಬರದು ಫೋರ್ಜ್, ಇನ್ನೊಬ್ಬರದು ಫ್ಯಾಬ್ರಿಕ್. ಒಂದರ ಮಾಡ್ ಇನ್ನೊಂದರಲ್ಲಿ ನೇರವಾಗಿ ನಡೆಯುವುದಿಲ್ಲ. ಲಾಂಚರ್ (ಆಟ ಶುರುಮಾಡುವ ಪ್ರೋಗ್ರಾಂ) ಆಟಕ್ಕೆ ತಾನಾಗಿ ಕೊಡುವ ಮೆಮೊರಿ ಹಲವು ಮಾಡ್‌ಗಳ ದೊಡ್ಡ ಕಟ್ಟಿಗೆ ಸಾಲದೆ ಹೋಗಬಹುದು, ಲ್ಯಾಬಿನ ಹಳೇ ಕಂಪ್ಯೂಟರಿನಲ್ಲಿ ಹೆಚ್ಚಿಸಲು ಜಾಗವೂ ಇರುವುದಿಲ್ಲ. ಇದಕ್ಕಿಂತ ದೊಡ್ಡ ಮಾತು ಸುರಕ್ಷತೆಯದು. ಮಾಡ್ ಅಂದರೆ ಜಾರ್ ಫೈಲ್, ಪೂರ್ತಿ ಪ್ರೋಗ್ರಾಂ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಎಂಬ ಮಾಲ್‌ವೇರ್ ಮಾಡ್ ಇಳಿಸಿಕೊಳ್ಳುವ ತಾಣ ಕರ್ಸ್‌ಫೋರ್ಜ್‌ನಲ್ಲಿದ್ದ ಮಾಡ್‌ಗಳ ಮೂಲಕವೇ ಹರಡಿತ್ತು. ಯಾರೋ ಕಳಿಸಿದ ಜಾರ್ ಫೈಲನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ಓಡಿಸುವುದು ಸರಿಯಲ್ಲ. ಆಟದ ನಿಯಮ ಬದಲಿಸುವ ಡೇಟಾಪ್ಯಾಕ್, ಚಿತ್ರ ಮತ್ತು ಸದ್ದು ಬದಲಿಸುವ ರಿಸೋರ್ಸ್ ಪ್ಯಾಕ್‌ಗಳಲ್ಲಿ ಈ ಭಯ ತೀರಾ ಕಡಿಮೆ, ಅವುಗಳನ್ನು ಧಾರಾಳವಾಗಿ ಬಿಡಿ.

ಮಾಡ್ ಬೇಕೆನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನೇ ತೆಗೆದುಕೊಳ್ಳಿ. ಅದರ ಹೊರಸಾಲಿನ ಅಗಲವಾದ, ತಗ್ಗು ಕಮಾನುಗಳನ್ನು ಮೀಟರಿಗೊಂದು ಬ್ಲಾಕಿನಂತೆ ಕಟ್ಟಿದರೆ ಬಾಗು ಹೋಗಿ ಮೆಟ್ಟಿಲಾಗುತ್ತದೆ. ಚಿಸೆಲ್ಸ್ ಆ್ಯಂಡ್ ಬಿಟ್ಸ್ ಮಾಡ್ ಒಂದೇ ಬ್ಲಾಕನ್ನು 16×16×16, ಅಂದರೆ 4,096 ಚೂರು ಮಾಡಿಕೊಡುತ್ತದೆ. ಕಮಾನು ನುಣ್ಣಗೆ ಬರುತ್ತದೆ. ಆದರೆ ಮಾಡ್ ಇಲ್ಲದೆಯೂ ದಾರಿಯಿದೆ. ಮೀಟರಿಗೆ ಎರಡು ಬ್ಲಾಕ್ ಹಿಡಿಯಿರಿ, ಅಂಚಿಗೆ ಸ್ಟೇರ್ (ಮೆಟ್ಟಿಲಿನಾಕಾರದ ಬ್ಲಾಕ್), ಸ್ಲ್ಯಾಬ್ (ಅರ್ಧ ಬ್ಲಾಕ್) ಕೊಡಿ. ಇನ್ನೂ ನಯ ಬೇಕೆಂದರೆ ಆಟದ 1.19.4 ಆವೃತ್ತಿಯಿಂದ ಬ್ಲಾಕ್ ಡಿಸ್‌ಪ್ಲೇ ಇದೆ: ಬ್ಲಾಕನ್ನು ಬೇಕಾದ ಅಳತೆಗೆ ಕುಗ್ಗಿಸಬಹುದು, ಬೇಕಾದ ಕೋನಕ್ಕೆ ತಿರುಗಿಸಬಹುದು. ಆದರೆ ಅದು ಯಾರನ್ನೂ ತಡೆಯುವುದಿಲ್ಲ, ಆಟಗಾರ ಕಂಬದೊಳಗಿಂದಲೇ ಹಾದುಹೋಗುತ್ತಾನೆ. ಹಿಂದೆ ಕಣ್ಣಿಗೆ ಕಾಣದ ಬ್ಯಾರಿಯರ್ ಬ್ಲಾಕ್ ಇಡಬೇಕು. ಬ್ಲಾಕ್ ಡಿಸ್‌ಪ್ಲೇಗಳನ್ನು ಸಾವಿರಗಟ್ಟಲೆ ಇಟ್ಟರೆ ಆಟ ತಡವರಿಸುತ್ತದೆ, ಕಣ್ಣಿಗೆ ಬೀಳುವ ಕಮಾನುಗಳಿಗೆ ಮಾತ್ರ ಇಡಿ. ಬೀದರ್ ಕೋಟೆಯ ಕೆಂಪು ಕಲ್ಲಿಗೂ ಮಾಡ್ ಬೇಕಿಲ್ಲ. ಗ್ರಾನೈಟ್, ಟೆರಾಕೋಟಾ, ಮಡ್ ಬ್ರಿಕ್ಸ್ ಬೆರೆಸಿ ನೋಡಿ.

ನಿಯಮದಲ್ಲಿ ಆವೃತ್ತಿಯನ್ನು ಅಂಕಿಯಲ್ಲೇ ಬರೆಯಿರಿ, ಉದಾಹರಣೆಗೆ ಜಾವಾ ಎಡಿಷನ್ (ಕಂಪ್ಯೂಟರಿನ ಮೈನ್‌ಕ್ರಾಫ್ಟ್) 1.20.1. "ಇತ್ತೀಚಿನದು" ಅಂತ ಬರೆದರೆ ಕೆಟ್ಟಿತು. ಹೊಸದರಲ್ಲಿ ತೆರೆದ ವರ್ಲ್ಡ್ ಹಳೆಯದಕ್ಕೆ ಸರಿಯಾಗಿ ಮರಳುವುದಿಲ್ಲ. ಜಿಪ್ ಬಿಚ್ಚಿದಾಗ ಒಂದೇ ಫೋಲ್ಡರ್, ಅದರೊಳಗೆ ನೇರವಾಗಿ ಲೆವೆಲ್ ಡಾಟ್ ಡ್ಯಾಟ್ (level.dat) ಫೈಲ್ ಸಿಗಬೇಕು. ಫೋಲ್ಡರಿನೊಳಗೆ ಫೋಲ್ಡರ್ ಇದ್ದರೆ ಆಟದ ಪಟ್ಟಿಯಲ್ಲಿ ವರ್ಲ್ಡ್ ಕಾಣಿಸುವುದೇ ಇಲ್ಲ. ರಿಸೋರ್ಸ್ ಪ್ಯಾಕಿಗೆ ರಿಸೋರ್ಸಸ್ ಡಾಟ್ ಜಿಪ್ (resources.zip) ಎಂದು ಹೆಸರಿಟ್ಟು ಅದೇ ಫೋಲ್ಡರಿಗೆ ಹಾಕಿದರೆ ತಾನಾಗಿ ಲೋಡ್ ಆಗುತ್ತದೆ. ಕಳಿಸುವ ಮೊದಲು ಸ್ಪರ್ಧಿಗಳು ಲಾಂಚರಿನಲ್ಲಿ ಮಾಡ್ ಇಲ್ಲದ ಹೊಸ ಇನ್‌ಸ್ಟಾಲೇಶನ್ ಮಾಡಿ, ಬೇರೆ ಗೇಮ್ ಡೈರೆಕ್ಟರಿ ಕೊಟ್ಟು, ಪ್ರತಿಯನ್ನು ತೆರೆದು ಮೂಲೆಮೂಲೆ ಅಡ್ಡಾಡಿ ನೋಡಲಿ.

ವರ್ಲ್ಡ್‌ಎಡಿಟ್ ಬಳಸಿದವನು ಮೋಸಗಾರನಲ್ಲ. ಇಂಟರ್ನೆಟ್ಟಿನಿಂದ ಬೇರೆಯವರ ಸ್ಕೀಮ್ಯಾಟಿಕ್ (ಕಟ್ಟಡದ ನಕಲು ಫೈಲ್) ಇಳಿಸಿ ಇಡೀ ಕೋಟೆ ಅಂಟಿಸಿ ತನ್ನದೆನ್ನುವವನು ಮೋಸಗಾರ. ಮಾಡ್ ನಿಷೇಧಿಸಿದರೂ ಅವನನ್ನು ತಡೆಯಲಾಗದು: ಬೇರೆ ಕಡೆ ಅಂಟಿಸಿದ ವರ್ಲ್ಡನ್ನೇ ತಂದುಕೊಡುತ್ತಾನೆ. ಅದಕ್ಕೇ, ತಾನೇ ಕಟ್ಟಿದ್ದೆಂದು ಗೊತ್ತಾಗಲು, ತಳಪಾಯ, ಅರ್ಧ ಕೆಲಸ, ಪೂರ್ತಿ ಕೆಲಸ, ಹೀಗೆ ಮೂರು ಹಂತದ ವರ್ಲ್ಡ್ ಪ್ರತಿ ಕೇಳಿ.

ಫೋನಿನಲ್ಲಿ ಆಡುವ ಹುಡುಗರದು ಬೆಡ್‌ರಾಕ್ ಎಡಿಷನ್. ಜಾವಾ ಮಾಡ್ ಅಲ್ಲಿ ನಡೆಯುವುದಿಲ್ಲ, ವರ್ಲ್ಡ್ ಫೈಲೂ ಬೇರೆ. ಅವರಿಗೆ ಪ್ರತ್ಯೇಕ ವಿಭಾಗ ಮಾಡಿ, ಅವರ ಮ್ಯಾಪನ್ನು ಫೋನಿನಲ್ಲೇ ತೆರೆದು ಅಂಕ ಕೊಡಿ.